ಬದು ಎಲ್ಲಿತ್ತು ಅಂತ

ನವೆಂಬರ್ 27, 2016, ಭಾನುವಾರ ರಾತ್ರಿ
ಟೊವಾಂಡ, ಪೆನ್ಸಿಲ್ವೇನಿಯಾ

ನಾಳೆ ಜಿಂಕೆ ಬೇಟೆ ಶುರು. ಈ ಕಡೆ ಅದೇ ಒಂದು ಹಬ್ಬ, ಶಾಲೆಗೂ ರಜ. ಪಕ್ಕದ ತಾತ ಮಧ್ಯಾಹ್ನ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡೇ ಬಂದಾಗ, ಮಗನನ್ನು ಕಾಡಿನ ಅಂಚಿಗೆ ಬಿಡಬೇಡ ಅಂತ ಹೇಳೋಕೆ ಬಂದಿರಬೇಕು ಅಂದುಕೊಂಡೆ. ಪ್ರತಿ ವರ್ಷ ಬಂದು ಹೇಳಿ ಹೋಗುತ್ತಾರೆ. ಈ ಸಲ ಕಂಕುಳಲ್ಲಿ ಒಂದು ಫೈಲು ಇತ್ತು.

"ನೀನು ಲೆಕ್ಕದ ಕೆಲಸದವಳು, ಸ್ವಲ್ಪ ನೋಡಿಕೊಡ್ತೀಯಾ?" ಅಂದರು.

ಈ ಮನೆಗೆ ಬಂದು ನಾಲ್ಕು ವರ್ಷ ಆಯಿತು. ಹಿಮ ಬಿದ್ದಾಗಲೆಲ್ಲ ನಮ್ಮ ಅಂಗಳವನ್ನೂ ಅವರೇ ತಮ್ಮ ಟ್ರ್ಯಾಕ್ಟರಿನಲ್ಲಿ ಬಳಿದುಕೊಟ್ಟಿದ್ದಾರೆ, ಒಂದು ದಿನವೂ ನಮ್ಮಿಂದ ಏನನ್ನೂ ಕೇಳಿದವರಲ್ಲ. ಕಾಫಿ ಕೊಟ್ಟು ಕೂರಿಸಿದೆ. ಅಡುಗೆಮನೆ ಮೇಜಿನ ಮೇಲೆ ಫೈಲು ಬಿಚ್ಚಿದರು.

ಮೇಲುಗಡೆ ಇದ್ದದ್ದು ತಾತನ ಹೊಲದಡಿಯ ಅನಿಲ ತೆಗೆಯುವ ಗ್ಯಾಸ್ ಕಂಪನಿಯವರು ತಿಂಗಳು ತಿಂಗಳು ಚೆಕ್ಕಿನ ಜೊತೆ ಕಳಿಸುವ ಚೀಟಿ. ಸಣ್ಣ ಅಕ್ಷರ, ಸಾಲು ಸಾಲು ಅಂಕಿ. ತಾತನ ಪಾಲಿಗೆ ಬಂದದ್ದು 412 ಡಾಲರ್. ಅದರ ಕೆಳಗೇ ಕಳೆಯುವ ಲೆಕ್ಕ: ಅನಿಲ ಒಟ್ಟುಗೂಡಿಸಿದ್ದಕ್ಕೆ ಇಷ್ಟು, ಒತ್ತಡ ಏರಿಸಿದ್ದಕ್ಕೆ ಇಷ್ಟು, ಪೈಪಿನಲ್ಲಿ ಸಾಗಿಸಿದ್ದಕ್ಕೆ ಇಷ್ಟು. ಕಡೆಗೆ ಉಳಿದದ್ದು 97 ಡಾಲರ್ 40 ಸೆಂಟ್. ಮೂರು ಸಲ ಕೂಡಿ ಕಳೆದು ನೋಡಿದೆ. ಸರಿಯಾಗೇ ಇತ್ತು. ತಪ್ಪಿದ್ದಿದ್ದರೆ ತೋರಿಸಬಹುದಿತ್ತು, ಒಂದು ಕಾಗದ ಬರೆದುಕೊಡಬಹುದಿತ್ತು. ಸರಿಯಾಗಿದೆ ಅಂತ ಆ ಮುಖಕ್ಕೆ ಹೇಗೆ ಹೇಳುವುದು?

ಈ ರಾಜ್ಯದಲ್ಲಿ 1979ರ ಕಾನೂನಿನ ಪ್ರಕಾರ ಜಮೀನಿನವರಿಗೆ ಕಡಿಮೆಯೆಂದರೂ ಎಂಟರಲ್ಲಿ ಒಂದು ಪಾಲು ಕೊಡಲೇಬೇಕು. ಆದರೆ ಎಂಟರಲ್ಲಿ ಒಂದು ಅಂದರೆ ಯಾವುದರಲ್ಲಿ? ಬಾವಿಯಿಂದ ಮೇಲೆ ಬಂದ ಅನಿಲ ಮಾರುಕಟ್ಟೆ ಮುಟ್ಟುವ ತನಕ ಆಗುವ ಖರ್ಚನ್ನು ಮೊದಲು ಕಳೆದು, ಆಮೇಲೆ ಪಾಲು ಲೆಕ್ಕ ಹಾಕಿದರೂ ಕಾನೂನಿಗೆ ಸರಿ ಅಂತ 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ. 2008ರ ಬೇಸಿಗೆಯಲ್ಲಿ ಸಾವಿರ ಘನ ಅಡಿಗೆ 12 ಡಾಲರ್ ದಾಟಿದ್ದ ಬೆಲೆ ಈ ವರ್ಷ ಮಾರ್ಚಿನಲ್ಲಿ 2 ಡಾಲರಿಗೂ ಕೆಳಗೆ ಬಂತು. ಬೆಲೆ ಬಿದ್ದರೂ ಪೈಪಿನ ಬಾಡಿಗೆ ಬೀಳುವುದಿಲ್ಲ. ಹಾಗಾಗಿ ಇವರ ಪಾಲೇ ಕರಗುತ್ತಾ ಬಂದಿದೆ.

ತಾತ ಅದಕ್ಕೇನೂ ಅನ್ನಲಿಲ್ಲ. ಫೈಲಿನ ಅಡಿಯಿಂದ ಗುತ್ತಿಗೆ ಪತ್ರ ತೆಗೆದರು. 2006ರದು. ಮಡಿಕೆ ಬಿದ್ದಲ್ಲೆಲ್ಲ ಹರಿದು ಅಂಟು ಹಚ್ಚಿದ್ದಾರೆ. ಆಗ ಹಾಲಿನ ರೇಟು ಬಿದ್ದಿತ್ತಂತೆ, ಕೊಟ್ಟಿಗೆಯ ಮಾಡು ಸೋರುತ್ತಿತ್ತಂತೆ. ಒಬ್ಬ ಒಳ್ಳೆ ಮಾತಿನ ಹುಡುಗ ಮನೆಗೆ ಬಂದು, ಎಕರೆಗೆ 85 ಡಾಲರ್ ಕೈಗೆ ಕೊಡುತ್ತೇವೆ, ಐದು ವರ್ಷದ ಮಾತು, ಇಲ್ಲಿ ಏನೂ ಸಿಗದೇನೂ ಹೋಗಬಹುದು ಅಂದನಂತೆ. ಇವರ 110 ಎಕರೆಗೆ 9,350 ಡಾಲರ್. ಹೆಂಡತಿ ಅದೇ ದಿನ ಮಾಡಿಗೆ ತಗಡು ತರಿಸಿದರಂತೆ. ಎರಡೇ ವರ್ಷಕ್ಕೆ, ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಟೆರ್ರಿ ಎಂಗೆಲ್ಡರ್ ಅವರು ಈ ಕಡೆಯ ನೆಲದಡಿ ಇರುವ ಮಾರ್ಸೆಲ್ಲಸ್ ಶೇಲ್ ಬಂಡೆಯೊಳಗೆ ಎಷ್ಟು ಅನಿಲ ಇದೆ ಅಂತ ಲೆಕ್ಕ ಹೇಳಿದ ಮೇಲೆ, ಇದೇ ರಸ್ತೆಯಲ್ಲಿ ಎಕರೆಗೆ ಸಾವಿರಗಟ್ಟಲೆ ಡಾಲರ್ ಎಣಿಸಿದರು. "ಹೆಂಡತಿ ಇದ್ದಿದ್ದರೆ ನಗ್ತಿದ್ದಳು" ಅಂದರು ತಾತ. ಆಮೇಲೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾ ಕೂತರು.

ಪತ್ರದಲ್ಲಿ ಒಂದು ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದರು. ಗೆರೆ ಎಷ್ಟು ಸಲ ಎಳೆದಿದ್ದಾರೋ, ಕಾಗದ ಅಲ್ಲಿ ಹೊಳೆಯುತ್ತಿತ್ತು. ಐದು ವರ್ಷ, ಮತ್ತು ಆನಂತರ ಅನಿಲ ಲಾಭಕ್ಕೆ ಸಿಗುತ್ತಿರುವಷ್ಟು ಕಾಲ. ಹುಡುಗ ಬಾಯಲ್ಲಿ ಹೇಳಿದ್ದು ಮೊದಲರ್ಧ. ಎರಡನೆಯ ಅರ್ಧವೇ ಈಗ ಇವರನ್ನು ಹಿಡಿದುಕೊಂಡಿರುವುದು. ತಾತನ ಹೊಲದಲ್ಲಿ ಯಾರೂ ಒಂದು ಗುಂಡಿಯನ್ನೂ ತೋಡಿಲ್ಲ. ರಸ್ತೆಯಾಚೆಯ ಗುಡ್ಡದ ಮೇಲೆ ಕೊರೆದ ಬಾವಿ, ಒಂದು ಮೈಲಿ ಆಳಕ್ಕೆ ಇಳಿದು, ಅಲ್ಲಿ ಅಡ್ಡ ತಿರುಗಿ ಇವರ ಹೊಲದ ಅಡಿಯಲ್ಲೇ ಹಾದು ಹೋಗಿದೆ. ಅಕ್ಕಪಕ್ಕದ ಜಮೀನುಗಳನ್ನೆಲ್ಲ ಸೇರಿಸಿ ಒಂದು ಘಟಕ ಮಾಡಿದ್ದಾರೆ. ಆ ಒಂದು ಬಾವಿ ಉಸಿರಾಡುತ್ತಿರುವ ತನಕ ಇವರ ಗುತ್ತಿಗೆಯೂ ಜೀವಂತ. ಬೇರೆಯವರಿಗೆ ಕೊಡುವ ಹಾಗಿಲ್ಲ, ಹೊಸ ಷರತ್ತು ಕೇಳುವ ಹಾಗಿಲ್ಲ.

"ಮಕ್ಕಳಿಗೆ ನಾನು ಏನು ಬಿಟ್ಟು ಹೋಗ್ತಿದ್ದೀನಿ ಅಂತ ನನಗೇ ಗೊತ್ತಿಲ್ಲ" ಅಂದರು ಹೊರಡುವಾಗ. ಫೈಲು ಮತ್ತೆ ಕಂಕುಳಿಗೆ. ಬಾಗಿಲ ತನಕ ಹೋಗಿ ತಿರುಗಿ, ಮಗನನ್ನು ಕಾಡಿನ ಅಂಚಿಗೆ ಬಿಡಬೇಡ ಅಂದರು.

ನಮ್ಮ ನೀರು ಈ ವರ್ಷ ಇನ್ನೂ ಪರೀಕ್ಷೆ ಮಾಡಿಸಿಲ್ಲ. ನಮ್ಮ ರಸ್ತೆಯಲ್ಲಿ ಎಲ್ಲರ ಮನೆಯಲ್ಲೂ ಸ್ವಂತ ಬಾವಿಯ ನೀರೇ. ಪೂರ್ವಕ್ಕೆ ಹೋದರೆ ಡಿಮಾಕ್ ಊರು. ಅಲ್ಲಿ 2009ರ ಹೊಸ ವರ್ಷದ ದಿನ ಒಬ್ಬರ ಮನೆ ಬಾವಿ ಸಿಡಿದು ಮೇಲಿನ ಕಾಂಕ್ರೀಟ್ ಚಪ್ಪಡಿ ಚೂರಾಗಿತ್ತು. ನೀರಿನ ಬಾವಿಯೊಳಗೆ ಮೀಥೇನ್, ಅಂದರೆ ಇದೇ ಅನಿಲ, ತುಂಬಿತ್ತು. ಆ ಊರಿನ ಎರಡು ಕುಟುಂಬಗಳಿಗೆ ಗ್ಯಾಸ್ ಕಂಪನಿ 42 ಲಕ್ಷ ಡಾಲರ್ ಕೊಡಬೇಕು ಅಂತ ಜ್ಯೂರಿ ಹೇಳಿದ್ದು ಮೊನ್ನೆ ಮಾರ್ಚಿನಲ್ಲಿ, ಏಳು ವರ್ಷ ಆದ ಮೇಲೆ. ನಲ್ಲಿ ಬಿಟ್ಟು ಲೋಟ ಹಿಡಿದಾಗ ಬಿಳಿ ಗುಳ್ಳೆ ಕಂಡರೆ ಈಗಲೂ ಲೋಟ ಕೆಳಗಿಟ್ಟು ಗುಳ್ಳೆ ಅಡಗುವ ತನಕ ನೋಡುತ್ತೇನೆ. ಬರೀ ಗಾಳಿ ಇರುತ್ತದೆ. ಆದರೂ ನೋಡುತ್ತೇನೆ.

ಒಂಬತ್ತು ಗಂಟೆಗೆ ಊರಿಂದ ಚಿಕ್ಕಪ್ಪನ ಫೋನು. ಅಲ್ಲಿ ಬೆಳಿಗ್ಗೆ ಏಳೂವರೆ. ಬ್ಯಾಂಕಿನ ಸಾಲಿಗೆ ಹೊರಟಿದ್ದರು, ಹಳೇ ಐನೂರರ ನೋಟು ಇನ್ನೂ ಕಟ್ಟಿಲ್ಲವಂತೆ.

"ವಾಟ್ಸಾಪಲ್ಲಿ ಕಾಗದ ಕಳ್ಸಿದ್ನಲ್ಲ, ನೋಡ್ದೇನಮ್ಮಾ?"

ನೋಡಿದ್ದೆ. ಒಂದು ವಾರದಿಂದ ನೋಡುತ್ತಲೇ ಇದ್ದೇನೆ. ಪಾವಗಡದ ಸೋಲಾರ್ ಪಾರ್ಕಿಗೆ ನಮ್ಮ ಮೂರೂವರೆ ಎಕರೆ ಗುತ್ತಿಗೆಗೆ ಕೊಡುವ ಕಾಗದ. ಪಹಣಿಯಲ್ಲಿ ಅಪ್ಪನ ಹೆಸರು ಹೋಗಿ ನನ್ನ ಹೆಸರು ಬಂದಿದೆ, ಚಿಕ್ಕಪ್ಪನ ಜೊತೆ ಜಂಟಿ. ನನ್ನ ಸಹಿ ಇಲ್ಲದೆ ಆಗುವುದಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ, 28 ವರ್ಷ. ಲೆಕ್ಕ ಹಾಕಿದೆ, ಕೊನೆಯ ವರ್ಷಕ್ಕೆ ಎಕರೆಗೆ 39,600ರ ಹತ್ತಿರ ಬರುತ್ತದೆ. ಆ ಹೊತ್ತಿಗೆ ಒಂದು ಮೂಟೆ ಅಕ್ಕಿ ಎಷ್ಟಿರುತ್ತದೋ.

ಮಧ್ಯಾಹ್ನದ ಕಥೆ ಎಲ್ಲ ಹೇಳಿದೆ. ಪಕ್ಕದ ತಾತ, 85 ಡಾಲರ್, ಪೆನ್ಸಿಲ್ ಗೆರೆ. ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡರು.

"ನಿಮ್ ಕಡೆ ನೆಲದಡಿ ಇರೋದೂ ರೈತಂದೇನಮ್ಮಾ?"

"ಕೆಲವರದು ಹೌದು ಚಿಕ್ಕಪ್ಪ. ಕೆಲವರದು ಅವರ ತಾತನ ಕಾಲದಲ್ಲೇ ಮಾರಿಹೋಗಿರುತ್ತೆ. ಮೇಲಿನ ಹೊಲ ಒಬ್ಬರದು, ಅಡಿಯದು ಇನ್ನೊಬ್ಬರದು."

"ನಮ್ಮಲ್ಲಿ ಅಡಿಯಾಗೆ ನೀರೇ ಇಲ್ವಲ್ಲಮ್ಮ, ಗ್ಯಾಸ್ ಎಲ್ಲಿ ಬಂತು" ಅಂದರು. ಆಮೇಲೆ ದನಿ ಇಳಿಸಿ, "ಮೂರು ಬೋರು ಹಾಕ್ಸಿದೆ. ಮೂರೂ ಧೂಳು. ಕಡ್ಲೆಕಾಯಿ ಹಾಕಿದ್ರೆ ಬಿತ್ತನೆ ಬೀಜದ ದುಡ್ಡೂ ವಾಪಸ್ ಬರ್ಲಿಲ್ಲ ಈ ಸಲ. ವರ್ಷಕ್ಕೊಂದ್ಸಲ ಎಪ್ಪತ್ಮೂರು ಸಾವಿರ ಮನೆ ಬಾಗಿಲಿಗೆ ಬರುತ್ತೆ ಅಂದ್ರೆ ನಾನು ಬ್ಯಾಡ ಅನ್ಲಾ? ನಿಮ್ಮಪ್ಪ ಇದ್ದಿದ್ರೂ ಹೂಂ ಅಂತಿದ್ದ."

ಬೇಡ ಅನ್ನಲು ನನಗೇನು ಹಕ್ಕಿದೆ? ನಾನು ಆ ಹೊಲದಲ್ಲಿ ಕಳೆ ಕಿತ್ತದ್ದು ಕೊನೆಗೆ ಹತ್ತನೇ ಕ್ಲಾಸಿನ ರಜೆಯಲ್ಲಿ. ಬಿಸಿಲು ತಿಂದವರು ಅವರು. ಸೋಲಾರ್ ಕೆಟ್ಟದ್ದು ಅಂತಲೂ ನಾನು ಹೇಳುತ್ತಿಲ್ಲ, ಆ ನೆಲದಲ್ಲಿ ತಪ್ಪದೆ ಬರುವ ಬೆಳೆ ಬಿಸಿಲೊಂದೇ. ಇದಕ್ಕೆ ಮುಗಿಯುವ ದಿನವೂ ಇದೆ, ತಾತನ ಕಾಗದದ ಹಾಗಲ್ಲ. ಆದರೆ 28 ವರ್ಷ ಅಂದರೆ ಚಿಕ್ಕಪ್ಪನಿಗೆ 94. ನನಗೆ 69. ಬುಲ್ಡೋಜರ್ ಬಂದು ಬದು ಎಲ್ಲ ಒಡೆದು, ಅಕ್ಕಪಕ್ಕದವರ ಹೊಲವೆಲ್ಲ ಸೇರಿಸಿ ಒಂದೇ ಮೈದಾನ ಮಾಡಿ, ಗಾಜಿನ ಹಲಗೆ ನಿಲ್ಲಿಸಿದ ಮೇಲೆ, ವಾಪಸ್ ಕೊಡುವ ದಿನ ಯಾರು ನಿಂತು ಇದು ನಮ್ಮದು, ಇಲ್ಲಿಂದ ಇಲ್ಲಿಗೆ ಅಂತ ತೋರಿಸುತ್ತಾರೆ? ನನ್ನ ಮಗನಿಗೆ ಪಹಣಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಕುರಿ ಮೇಯಿಸುವವರು, ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವರು, ಅವರ ಹೆಸರು ಯಾವ ಕಾಗದದಲ್ಲೂ ಇಲ್ಲ. ಅದನ್ನೂ ಕೇಳಿದೆ. ಚಿಕ್ಕಪ್ಪ ಮಾತಾಡಲಿಲ್ಲ. ಆಮೇಲೆ, "ಅವ್ರು ಬೆಂಗ್ಳೂರಿಗೆ ಹೋಗ್ತಾವ್ರೆ ಕಣಮ್ಮ, ಮುಂಚಿಂದಾನೂ ಹೋಗ್ತಿದ್ರು" ಅಂದರು.

"ಸಹಿ ಮಾಡ್ತೀನಿ ಚಿಕ್ಕಪ್ಪ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಸರ್ವೆಯವರನ್ನ ಕರೆಸಿ, ನಾಲ್ಕೂ ಮೂಲೆ ಅಳತೆ ಹಾಕಿಸಿ, ನಕ್ಷೆ ಬರೆಸಿ. ಬದು ಎಲ್ಲೆಲ್ಲಿತ್ತು ಅಂತ ಫೋಟೋನೂ ತೆಗೆಸಿ."

"ಆಯ್ತಮ್ಮ. ಸಾಲು ಬೆಳೀತದೆ, ಬರ್ಲಾ?"

ಫೋನ್ ಇಟ್ಟ ಮೇಲೆ ಮಗನ ಡ್ರಾಯಿಂಗ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡು ನೆನಪಿದ್ದಷ್ಟು ಬರೆಯುತ್ತಾ ಕೂತಿದ್ದೇನೆ. ಮೂಡಲಿಗೆ ಬಂಡಿ ಜಾಡು. ತೆಂಕಲಿಗೆ ಹಳ್ಳ. ಪಡುವಲ ಬದುವಿನ ಮೇಲೆ ಹುಣಸೆ ಮರ, ಬುತ್ತಿ ನೇತು ಹಾಕುತ್ತಿದ್ದ ಕೊಂಬೆ ನಮ್ಮ ಕಡೆಗೇ ಬಾಗಿತ್ತು. ಬುಡ ಮಾತ್ರ ಬದುವಿನ ಈಚೆಗಿತ್ತೋ, ಆಚೆಗಿತ್ತೋ. ಅಪ್ಪ ಕಾಯಿ ಬಡಿಸುವಾಗ ಪಕ್ಕದ ಹೊಲದವರಿಗೂ ಅರ್ಧ ಕೊಡುತ್ತಿದ್ದರು. ಅದು ಅವರ ಪಾಲು ಅಂತಲೋ, ಸುಮ್ಮನೆ ಕೊಡುತ್ತಿದ್ದರೋ