ಕ್ಯಾಬಿನ್ ಬ್ಯಾಟರಿಯ ಲೆಕ್ಕ

ಮಲ್ಪೆ, 2025 ಜುಲೈ 20, ಆದಿತ್ಯವಾರ

ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ನಮ್ಮ ಮೀನಿನ ಬೋಟಿನ ಬಲೆ, ಬಣ್ಣ, ಎಂಜಿನ್ನು ಎಲ್ಲಾ ಅಣ್ಣನ ಪಾಲು. ವಯರಿಂಗು, ಬ್ಯಾಟರಿ ನನ್ನದು. ಇವತ್ತು ಮಳೆ ಸ್ವಲ್ಪ ಬಿಟ್ಟಿತ್ತು. ಜಗಲಿಯಲ್ಲಿ ಕುಳಿತು ಕ್ಯಾಬಿನ್ ಬ್ಯಾಟರಿಗಳನ್ನು ಪೂರ್ತಿ ನೋಡಿದೆ.

ನಮ್ಮ ಬೋಟಿನಲ್ಲಿ ಎಂಜಿನ್ ಬ್ಯಾಟರಿ ಬೇರೆ, ಕ್ಯಾಬಿನ್ ಬ್ಯಾಟರಿ ಬೇರೆ. ಆಳಸಮುದ್ರಕ್ಕೆ ಹೋಗುವ ಎಲ್ಲಾ ಬೋಟಿನಲ್ಲೂ ಹೀಗೇ ಇರಬೇಕು ಅನ್ನುವುದು ನನ್ನ ಹಟ. ಎಂಜಿನ್ ಬ್ಯಾಟರಿಯ ಪ್ಲೇಟು ತೆಳು. ಸೆಲ್ಫ್ ಹೊಡೆದಾಗ ಕೆಲವು ಸೆಕೆಂಡು ಭಾರೀ ಕರೆಂಟು ಕೊಡುವುದಷ್ಟೇ ಅದರ ಕೆಲಸ. ಅದರಲ್ಲೇ ರಾತ್ರಿಯಿಡೀ ಲೈಟು, ಫ್ಯಾನು ನಡೆಸಿದರೆ ಪ್ಲೇಟು ಬೇಗ ಹಾಳಾಗುತ್ತದೆ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಅಷ್ಟು ದೂರದಲ್ಲಿ ಯಾರನ್ನು ಕರೆಯುವುದು? ವೈರ್‌ಲೆಸ್ಸಿಗೂ ಅದೇ ಬ್ಯಾಟರಿ ಆಗಿದ್ದರೆ ಕರೆಯುವ ದಾರಿಯೂ ಮುಚ್ಚಿತು.

ಎಷ್ಟು ದೊಡ್ಡದು ಬೇಕು ಅಂತ ಅಂಗಡಿಯವರನ್ನು ಕೇಳುವ ಮೊದಲು ರಾತ್ರಿಯ ಖರ್ಚು ಬರೆದುಕೊಳ್ಳಬೇಕು. ಒಂದು ಟ್ರಿಪ್ಪಿನಲ್ಲಿ ಹತ್ತು ದಿನ ಎಂಟು ಜನರಿಗೆ ಬೋಟೇ ಮನೆ. ಲಂಗರು ಹಾಕಿ ಎಂಜಿನ್ ನಿಲ್ಲಿಸಿದ ಮೇಲೆ ಹನ್ನೆರಡು ಗಂಟೆಯ ಅವಧಿಗೆ ನನ್ನ ಲೆಕ್ಕ ಹೀಗಿದೆ: ಒಳಗಿನ ಎಲ್ಇಡಿ ಲೈಟುಗಳಿಗೆ 12 ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್), ಕಂಬದ ಮೇಲಿನ ಲೈಟಿಗೆ 6, ವೈರ್‌ಲೆಸ್ ಸುಮ್ನೆ ಕೇಳುತ್ತಾ ಇರಲಿಕ್ಕೆ 6, ಜಿಪಿಎಸ್ ಮತ್ತು ಫಿಶ್ ಫೈಂಡರಿಗೆ 18, ಮೂರು ಫ್ಯಾನಿಗೆ 30, ಎಲ್ಲರ ಮೊಬೈಲಿಗೆ 10. ಒಟ್ಟು 82. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಸ್ಸು ಕಡಿಮೆ. 150 ಆಂಪಿಯರ್-ಅವರಿನ ಒಂದೇ ಬ್ಯಾಟರಿಯಲ್ಲಿ ಅರ್ಧ ಅಂದರೆ 75, ಸಾಲುವುದಿಲ್ಲ. ಹಾಗಾಗಿ ಎರಡು ಬೇಕು. ಫ್ಯಾನು ಕಡಿಮೆ ಮಾಡಿದರೆ ಒಂದರಲ್ಲೇ ಆಗುತ್ತದೆ ಅನ್ನುವವರಿದ್ದಾರೆ. ಇಡೀ ದಿನ ಬಲೆ ಎಳೆದ ಕಲಾಸಿಗಳು, ಅಂದರೆ ಬೋಟಿನ ಕೆಲಸದವರು, ಆ ಸೆಕೆಯಲ್ಲಿ ನಿದ್ದೆ ಇಲ್ಲದೆ ಒದ್ದಾಡುವುದು ನನಗೆ ಒಪ್ಪಿಗೆಯಿಲ್ಲ.

ಈಗಿರುವ ಎರಡು ಟ್ಯೂಬ್ಯುಲರ್ (ಒಳಗೆ ಕೊಳವೆಯಂಥ ಪ್ಲೇಟು ಇರುವ ಲೆಡ್) ಬ್ಯಾಟರಿಗಳನ್ನು ಜೂನ್ ಮೊದಲ ವಾರವೇ ಬೋಟಿನಿಂದ ಇಳಿಸಿ ಮನೆಗೆ ತಂದಿದ್ದೆವು. ಒಂದೊಂದೂ ಐವತ್ತು ಕಿಲೋಗಿಂತ ಜಾಸ್ತಿ, ಇಬ್ಬರು ಹಿಡಿಯಲೇಬೇಕು. ನಿನ್ನೆ ರಾತ್ರಿ ಚಾರ್ಜಿಗಿಟ್ಟು, ಇವತ್ತು ತಣಿದ ಮೇಲೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಿಡಿದೆ. ಮುಚ್ಚಳ ತೆಗೆದು, ರಬ್ಬರ್ ಬಲ್ಬು ಒತ್ತಿ ಆಸಿಡ್ ಎಳೆದು, ತೇಲುವ ಕಡ್ಡಿ ಗಾಜಿಗೆ ಅಂಟದ ಹಾಗೆ ನೆಟ್ಟಗೆ ಹಿಡಿದು ಓದುವುದು. ಒಂದೊಂದು ಸೆಲ್ಲಿನದ್ದೂ ಮೇಲೆ ಚಾಕಿನಲ್ಲಿ ಬರೆದೆ. ಮೊದಲನೇ ಬ್ಯಾಟರಿ ಆರೂ ಸೆಲ್ 1.235ರಿಂದ 1.240. ಎರಡನೆಯದರಲ್ಲಿ ಐದು ಸರಿ ಇವೆ. ಕೆಂಪು ಟರ್ಮಿನಲ್ಲಿನಿಂದ ಮೂರನೆಯದು ಮಾತ್ರ 1.170. ಇಷ್ಟು ಅಂತರ ಬಂದರೆ ಆ ಸೆಲ್ ಹೋಯಿತು ಅಂತಲೇ ಅರ್ಥ. ವೋಲ್ಟ್ ಮೀಟರಿನಲ್ಲಿ ಯಾವ ಸೆಲ್ಲಿಗೆ ಎಂಥ ಆಗಿದೆ ಅಂತ ತಿಳಿಯುವುದಿಲ್ಲ. ಟ್ಯೂಬ್ಯುಲರಿಗೆ ಪೂರ್ತಿ ಚಾರ್ಜ್ ಅಂದರೆ 1.240, ಕಾರ್ ಬ್ಯಾಟರಿಯ ಅಂಕೆ ಇದಕ್ಕೆ ಹೊಂದುವುದಿಲ್ಲ.

ಹೊಸದೊಂದನ್ನು ತಂದು ಹಳೆಯದರ ಜೊತೆ ಕಟ್ಟುವುದು ಬೇಡ. ಹಳೆಯದು ಹೊಸದನ್ನೂ ಎಳೆದು ಕೆಡಿಸುತ್ತದೆ. ಒಳ್ಳೆಯದನ್ನು ಮನೆಯ ಇನ್ವರ್ಟರಿಗೆ ಹಾಕಿ, ಬೋಟಿಗೆ ಎರಡೂ ಹೊಸದು.

ಲಿಥಿಯಂ ಹಾಕುವ ಅಂತ ಅಣ್ಣ ಕೇಳಿದ. ನಾನೂ ತುಂಬಾ ಯೋಚಿಸಿದ್ದೇನೆ. ತೂಕ ಕಡಿಮೆ, ಎಂಬತ್ತು ಪರ್ಸೆಂಟ್ ಬಳಸಿದರೂ ತೊಂದರೆಯಿಲ್ಲ. ಇನ್ನೊಂದು ದೊಡ್ಡ ಗುಣ, ಅರ್ಧ ಚಾರ್ಜಿನಲ್ಲಿ ಎರಡು ತಿಂಗಳು ಸುಮ್ನೆ ಇಟ್ಟರೂ ಅದಕ್ಕೆ ಏನೂ ಆಗುವುದಿಲ್ಲ. ಲೆಡ್ ಬ್ಯಾಟರಿ ಹಾಗಲ್ಲ. ಅರ್ಧ ಇಳಿದದ್ದನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ನಮ್ಮ ಕಡೆ ಬ್ಯಾಟರಿಗಳು ಹಾಳಾಗುವುದು ಕಡಲಿನಲ್ಲಿ ದುಡಿದು ಅಲ್ಲ ಮಾರಾಯ್ರೆ, ಮಳೆಗಾಲದಲ್ಲಿ ಬೋಟಿನೊಳಗೇ ಮರೆತುಹೋಗಿ. ಆದರೂ ಈ ವರ್ಷ ಲಿಥಿಯಂ ಬೇಡ ಅಂದೆ. ಅದು ಕರೆಂಟು ಎಳೆಯುವ ರಭಸಕ್ಕೆ ನಮ್ಮ ಡೈನಮೋ ಬಿಸಿಯಾಗಿ ಸುಡಬಹುದು. ಮಧ್ಯೆ ಬೇರೆ ಚಾರ್ಜರ್ ಹಾಕಬೇಕು, ಒಳಗಿನ ಎಲೆಕ್ಟ್ರಾನಿಕ್ಸಿಗೆ ಉಪ್ಪುಗಾಳಿ ತಾಗದಂತೆ ನೋಡಬೇಕು. ಅದು ಒಟ್ಟಿಗೆ ಮಾಡುವ ಕೆಲಸ, ಹತ್ತು ದಿನದಲ್ಲಿ ಮುಗಿಸುವುದಲ್ಲ.

ಮಧ್ಯಾಹ್ನದ ಮೇಲೆ ಬೋಟು ಕಟ್ಟುವ ಧಕ್ಕೆಗೆ ಹೋಗಿ ಬ್ಯಾಟರಿ ಪೆಟ್ಟಿಗೆ ನೋಡಿದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ನಾಲ್ಕು ಪರ್ಸೆಂಟ್ ಸೇರಿದರೆ ಒಂದು ಕಿಡಿ ಸಾಕು. ಅದಕ್ಕೇ ಪೆಟ್ಟಿಗೆಯ ಮೇಲ್ಭಾಗದಲ್ಲಿ ಕಿಂಡಿ ಇಟ್ಟಿದ್ದೇವೆ, ಯಾರೋ ಅದಕ್ಕೆ ಗೋಣಿ ತುರುಕಿದ್ದರು, ತೆಗೆಸಿದೆ. ಉಪ್ಪುನೀರು ಸೆಲ್ಲಿನೊಳಗೆ ಹೋದರೆ ಕ್ಲೋರಿನ್ ಬರುತ್ತದೆ, ಆದ್ದರಿಂದ ಆ ಕಿಂಡಿಯ ಬಾಯಿ ಇರುವುದು ಪಕ್ಕಕ್ಕೆ, ಮೇಲಕ್ಕಲ್ಲ. ಬೋಟು ಎಷ್ಟು ವಾಲಿದರೂ ಬ್ಯಾಟರಿ ಜಾರದಂತೆ ಬೆಲ್ಟಿಗೆ ಹೊಸ ಬೋಲ್ಟು ಹಾಕಿಸಿದೆ. ಟರ್ಮಿನಲ್ ಕ್ಲಿಪ್ಪಿನ ಹಸಿರು ಪುಡಿಯನ್ನು ಅಡುಗೆ ಸೋಡಾದ ನೀರಿನಲ್ಲಿ ಉಜ್ಜಿ, ಒಣಗಿಸಿ, ವ್ಯಾಸಲಿನ್ ಹಚ್ಚಿದೆ. ಹೊಸ ಜೋಡಿಗೆ ಪ್ಲಸ್ ಒಂದು ಬ್ಯಾಟರಿಯಿಂದ, ಮೈನಸ್ ಇನ್ನೊಂದರಿಂದ ತೆಗೆಯುತ್ತೇನೆ. ಆಗ ಎರಡೂ ಸಮನಾಗಿ ದುಡಿಯುತ್ತವೆ.

ನೀರಿನ ಜವಾಬ್ದಾರಿ ಈ ಸಲ ಕಿರಿಯ ಕಲಾಸಿಗೆ. ಡಿಸ್ಟಿಲ್ಡ್ ವಾಟರ್ ಮಾತ್ರ, ಕ್ಯಾನಿನ ಕುಡಿಯುವ ನೀರು ಬೇಡವೇ ಬೇಡ, ಚಾರ್ಜ್ ಆದ ಮೇಲೆಯೇ ತುಂಬಿಸುವುದು ಅಂತ ಹೇಳಿದೆ. "ಆಯ್ತಣ್ಣ, ಪ್ರತಿ ಟ್ರಿಪ್ಪಿಗೆ ಮೊದಲು ನೋಡ್ತೇನೆ" ಅಂದ. ನಾಳೆ ಉಡುಪಿಗೆ ಹೋಗಿ ಬ್ಯಾಟರಿ ತರಬೇಕು. ತಯಾರಾದ ತಿಂಗಳು ನೋಡಿಯೇ ತೆಗೆದುಕೊಳ್ಳುವುದು. ಅಂಗಡಿಯಲ್ಲಿ ಆರು ತಿಂಗಳು ಕುಳಿತದ್ದು ರೇಟು ಕಡಿಮೆ ಅಂದರೂ ಬೇಡ.