ಗಂಟೆಗೆ 300 ರೂಪಾಯಿ

ಮೊದಲ ದಿನ, ಬರವಣಿಗೆ ತಿದ್ದಿಸುವ ಮೇಡಂ ನನ್ನ ಪಿಎಚ್‌ಡಿ ಥೀಸಿಸ್‌ನ ಒಂದು ಹಾಳೆಯನ್ನೂ ಓದಲಿಲ್ಲ. 310 ಪುಟದ ಸ್ಪೈರಲ್ ಬೈಂಡಿಂಗ್ ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕದ ಹೊಲಿಗೆ ಮಿಷನ್ ಮೇಲೆ ಇಟ್ಟರು. "ಈಗ ಹೇಳಿ, ಏನು ಬರೆದಿದ್ದೀರಿ?" ಅಂದರು.

"ಕೋಲಾರ ಜಿಲ್ಲೆಯ ಕೆರೆಗಳು: ಒಂದು ಚಾರಿತ್ರಿಕ ಅಧ್ಯಯನ."

"ಅದು ಹೆಸರಾಯ್ತು. ಏನು ಬರೆದಿದ್ದೀರಿ?"

ನಾನು ಹತ್ತು ನಿಮಿಷ ಮಾತಾಡಿದೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರ, ಮೈಸೂರು ಅರಸರು, ಕಮಿಷನರ್ ಆಡಳಿತ ಎಲ್ಲ ಬಂದು ಹೋದವು. ಮೇಡಂ ಒಮ್ಮೆ ಗಡಿಯಾರ ನೋಡಿದರು. "ಇದೆಲ್ಲ ಪುಸ್ತಕದಲ್ಲಿ ಸಿಗುತ್ತೆ. ನೀವು ಐದು ವರ್ಷ ಕೆರೆ ಸುತ್ತಿ ಕಂಡುಕೊಂಡದ್ದೇನು?"

ಬಾಯಿಂದ ಮಾತೇ ಹೊರಡಲಿಲ್ಲ. ಆವತ್ತು 300 ರೂಪಾಯಿ ಕೊಟ್ಟು, ಆ ಪ್ರಶ್ನೆಯನ್ನು ಹೊತ್ತುಕೊಂಡು ಟೇಕಲ್ ರಸ್ತೆಯಿಂದ ಬಸ್ ಸ್ಟ್ಯಾಂಡಿಗೆ ನಡೆದೇ ಬಂದೆ. ಮುಳಬಾಗಿಲು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ದಾರಿಯ ಒಂದು ಕೆರೆಯನ್ನೂ ನೋಡಲಿಲ್ಲ.

ನನ್ನ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಇತಿಹಾಸದ ಅತಿಥಿ ಉಪನ್ಯಾಸಕ. ಹದಿಮೂರು ವರ್ಷದಿಂದ ಇರುವ ಅತಿಥಿ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಕೌನ್ಸೆಲಿಂಗ್, ಮತ್ತೆ ಹೊಸ ಕಾಲೇಜು. ಪಿಎಚ್‌ಡಿ ಇದ್ದರೆ ಲಿಸ್ಟಿನಲ್ಲಿ ಮೇಲೆ ಬರಬಹುದು ಅಂತ 2018ರಲ್ಲಿ ರಿಜಿಸ್ಟರ್ ಆದೆ. ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿಯ 2016ರ ನಿಯಮದ ಪ್ರಕಾರ ನನಗೆ ಹೆಚ್ಚೆಂದರೆ ಆರು ವರ್ಷ. ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷ ಜಾಸ್ತಿ ಇದೆ. ನನಗಿಲ್ಲ. ಮೇಡಂ ಮನೆಗೆ ಹೋದಾಗ ಉಳಿದಿದ್ದದ್ದು ಹದಿನಾಲ್ಕು ತಿಂಗಳು.

ಗೈಡ್ ಕೆಟ್ಟವರಲ್ಲ. ಒಬ್ಬ ಪ್ರೊಫೆಸರ್ ಒಟ್ಟಿಗೆ ಎಂಟು ಜನ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು. ಅವರ ಬಳಿ ಎಂಟೂ ಭರ್ತಿ. ಜೊತೆಗೆ ವ್ಯಾಲ್ಯುಯೇಷನ್, ಕಮಿಟಿ, ಗ್ರೇಡ್ ಕೊಡುವ ನ್ಯಾಕ್‌ನ ಕೆಲಸ. ನಾನು ಅಧ್ಯಾಯ ಕಳಿಸಿದರೆ ಎರಡು ತಿಂಗಳ ಮೇಲೆ ವಾಟ್ಸಾಪಿನಲ್ಲಿ ಉತ್ತರ: "ನೋಡಿದೆ. ಚೆನ್ನಾಗಿದೆ. ಮುಂದುವರಿಸಿ." ಐದು ಅಧ್ಯಾಯಕ್ಕೂ ಇದೇ ಮೂರು ಮಾತು. ಕೊನೆಗೆ ಎಲ್ಲ ಸೇರಿಸಿ ಬೈಂಡ್ ಮಾಡಿಸಿ ಕೊಟ್ಟಾಗ ಮಾತ್ರ, "ಎಲ್ಲೋ ಕೂಡಿಕೊಳ್ಳುತ್ತಿಲ್ಲವಲ್ಲಪ್ಪ" ಅಂದರು. ಎಲ್ಲಿ ಅಂತ ಹೇಳಲು ಅವರಿಗೆ ಪುರುಸೊತ್ತಿರಲಿಲ್ಲ.

ಆಗಲೇ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬರು ಮೆಲ್ಲಗೆ ಕೇಳಿದ್ದು: "ಸರ್, ಬರೆದುಕೊಡೋರು ಇದ್ದಾರೆ. ಅಧ್ಯಾಯಕ್ಕೆ ಇಷ್ಟು, ಪೂರ್ತಿ ಪ್ಯಾಕೇಜ್ ಆದರೆ ಇಷ್ಟು." ಸುಳ್ಳು ಯಾಕೆ ಹೇಳಲಿ, ಎರಡು ದಿನ ಯೋಚನೆ ಮಾಡಿದೆ. ಸೊಸೈಟಿಯಲ್ಲಿ ಸಾಲ ಎಷ್ಟು ಸಿಗಬಹುದು ಅಂತಲೂ ವಿಚಾರಿಸಿದೆ. ಹೆಂಡತಿ ರೊಟ್ಟಿ ತಟ್ಟುತ್ತಾ ಕೇಳಿದಳು: "ವೈವಾ ಪರೀಕ್ಷೆಗೂ ಅವರೇ ಹೋಗ್ತಾರಾ?"

ಮೇಡಂ ಹೆಸರು ಹೇಳಿದ್ದು ನಮ್ಮ ಕಾಲೇಜಿನ ಲೈಬ್ರೇರಿಯನ್. ಕನ್ನಡ ಅಧ್ಯಾಪಕಿಯಾಗಿ ನಿವೃತ್ತರಾದವರು. ಮನೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಬರವಣಿಗೆ ತಿದ್ದಿಸುತ್ತಾರೆ. ಅವರ ಷರತ್ತುಗಳು ಫೋನಿನಲ್ಲೇ ಗೊತ್ತಾದವು. ಭಾನುವಾರ ಹತ್ತು ಗಂಟೆ. ಗಂಟೆಗೆ 300, ಕೈಯಲ್ಲೇ. ಅವರು ಒಂದು ವಾಕ್ಯವನ್ನೂ ಬರೆದುಕೊಡುವುದಿಲ್ಲ. ಗೈಡ್‌ಗೆ ತಿಳಿಸಿಯೇ ಬರಬೇಕು. (ತಿಳಿಸಿದೆ. "ಒಳ್ಳೇದಾಯ್ತು" ಅಂದರು. ಅವರ ದನಿಯಲ್ಲಿ ನಿಜವಾಗಿಯೂ ಒಂದು ಭಾರ ಇಳಿದಂತಿತ್ತು.)

ಪೆನ್ಷನ್ ಬರುವವರಿಗೆ ಈ ದುಡ್ಡು ಯಾಕೆ ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಅದು ಅವರಿಗೆ ಹೇಗೋ ಗೊತ್ತಾಗಿತ್ತು. "ಸುಮ್ನೆ ಹೇಳಿಕೊಟ್ಟರೆ ಮದುವೆ, ಗೃಹಪ್ರವೇಶ ಅಂತ ಭಾನುವಾರ ತಪ್ಪಿಸ್ತೀರಿ. ದುಡ್ಡು ಕೊಟ್ಟವರು ತಪ್ಪಿಸಲ್ಲ." ನಿಜ. ಆ ವರ್ಷ ನಾನು ಸ್ವಂತ ಭಾವಮೈದುನನ ನಾಮಕರಣದ ಊಟಕ್ಕೇ ಹೋಗಲಿಲ್ಲ. ಅಂದರೆ, ಅವನ ಮಗುವಿನ ನಾಮಕರಣ. ಈ ತರಹದ ವಾಕ್ಯ ಕಂಡರೆ ಮೇಡಂ ಪೆನ್ಸಿಲ್ ಎತ್ತುತ್ತಿದ್ದರು.

ಎರಡನೇ ವಾರದಿಂದ ಜೋರಾಗಿ ಓದಿಸತೊಡಗಿದರು. ನನ್ನ ಮೊದಲ ಅಧ್ಯಾಯ ಶುರುವಾಗುತ್ತಿದ್ದದ್ದು "ಭಾರತವು ಹಳ್ಳಿಗಳ ದೇಶವಾಗಿದ್ದು" ಅಂತ. ಅಲ್ಲೇ ನಿಲ್ಲಿಸಿದರು. "ಇದನ್ನ ಎಲ್ಲಿಂದ ತಂದ್ರಿ?" ಎಲ್ಲಿಂದಲೂ ತಂದಿರಲಿಲ್ಲ, ಅದು ಗಾಳಿಯಲ್ಲೇ ಇರುವ ವಾಕ್ಯ. ನಾನು ಓದಿದ ಹಳೆಯ ಥೀಸಿಸ್‌ಗಳೆಲ್ಲ ಹಾಗೇ ಶುರುವಾಗಿದ್ದವು, ನನ್ನದೂ ಆಯಿತು. ಓದುತ್ತಾ ಹೋದಂತೆ ಉಸಿರು ಕಟ್ಟುವ ಜಾಗಗಳು ನನಗೇ ಗೊತ್ತಾಗತೊಡಗಿದವು. 'ಆಗಿರುವುದನ್ನು ಕಾಣಬಹುದಾಗಿದೆ' ಎಂದು ಒಂದೇ ಪುಟದಲ್ಲಿ ಏಳು ಸಲ ಬರೆದಿದ್ದೆ. "ಯಾರು ಕಂಡಿದ್ದು? ನೀವು ತಾನೆ? 'ಕಂಡೆ' ಅನ್ನಿ. ಕಾಣದಿದ್ದರೆ ತೆಗೀರಿ."

ತೆಗೆದೆ. 42 ಪುಟದ ಅಧ್ಯಾಯ 19ಕ್ಕೆ ಬಂತು.

ಇದರಿಂದ ಇನ್ನೊಂದು ಉಪಕಾರವೂ ಆಯಿತು. ನನ್ನ ಹಳೆಯ ಪ್ರತಿಯನ್ನು ಡಿಟಿಪಿ ಹುಡುಗ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದ. ಅದನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತುಗಳೆಲ್ಲ ಚೆಲ್ಲಾಪಿಲ್ಲಿ. ಅವನ್ನು ಸರಿಮಾಡಿ, ಬೇರೆಯವರ ಬರಹಕ್ಕೆ ಎಷ್ಟು ಹೋಲುತ್ತದೆ ಅಂತ ನೋಡುವ ಹೋಲಿಕೆ ಪರೀಕ್ಷೆಗೆ ಹಾಕಿ ನೋಡಿದರೆ ಶೇ 23. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗೆ ದಂಡ ಇಲ್ಲ. ಅದಕ್ಕಿಂತ ಮೇಲೆ 40ರೊಳಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಕೆಂಪು ಬಣ್ಣ ಬಂದಿದ್ದದ್ದೆಲ್ಲ ನಾನು ಕದ್ದದ್ದಲ್ಲ, ಎಲ್ಲರೂ ಬರೆಯುವುದನ್ನೇ ನಾನೂ ಬರೆದದ್ದು. ಮೇಡಂ ಪೆನ್ಸಿಲ್ ಗೀಟು ಹಾಕಿದ್ದ ಸಾಲುಗಳೂ ಬಹುಪಾಲು ಅವೇ.

ಇದು ಭಾಷೆಯ ವಿಷಯ. ಇದಿಷ್ಟೇ ಆಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಮೂರನೇ ಅಧ್ಯಾಯದಲ್ಲಿ ಒಂದು ಸಾಲಿತ್ತು: "ಸಂದರ್ಶಿತ ವ್ಯಕ್ತಿಯ ಹೇಳಿಕೆಯಂತೆ ಜಲ ವಿತರಣೆಯಲ್ಲಿ ಸಮಾನತೆಯ ತತ್ವವು ಪಾಲನೆಯಾಗುತ್ತಿದ್ದುದು ತಿಳಿದುಬರುತ್ತದೆ." ಮೇಡಂ ಕೇಳಿದರು, "ಆ ವ್ಯಕ್ತಿ ಈ ಕನ್ನಡ ಮಾತಾಡಿದ್ರಾ?" ಇಲ್ಲ. ಅವರು ನಮ್ಮ ಕಡೆಯ ಒಂದು ಹಳ್ಳಿಯ ನೀರುಗಂಟಿ. ಎಂಬತ್ತು ದಾಟಿದ ತಾತ. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವ ಕೆಲಸ ಅವರ ವಂಶದ್ದು. ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಆಗಿತ್ತು. "ಹಾಕಿ" ಅಂದರು.

ಅರ್ಧ ಕನ್ನಡ, ಅರ್ಧ ತೆಲುಗು. ತಾತ ಹೇಳಿದ್ದರು: "ನೀರು ಕಮ್ಮಿ ಬಂದ ವರ್ಷ ತೂಬಿನ ಹತ್ರದ ಗದ್ದೆ ಅಷ್ಟೇ ನಾಟಿ ಮಾಡೋದು ಮೇಷ್ಟ್ರೇ. ಅದ್ರಲ್ಲೇ ಎಲ್ರಿಗೂ ಮಡಿ ಹಂಚೋದು. ಗೌಡ ಅಂತಿಲ್ಲ, ಇನ್ನೊಬ್ಬ ಅಂತಿಲ್ಲ." (ಮಡಿ ಅಂದರೆ ಇಲ್ಲಿ ಗದ್ದೆಯ ಒಂದು ತುಂಡು.)

ಮೇಡಂ ಎರಡು ಸಲ ಕೇಳಿಸಿಕೊಂಡರು. "ಎಷ್ಟು ಚೆನ್ನಾಗಿ ಹೇಳಿದ್ದಾರೆ. ನೀವು ಅದನ್ನ ಹಿಂಡಿ ಸಿಪ್ಪೆ ಇಟ್ಟಿದ್ದೀರಿ." ನಾನು ನಕ್ಕೆ. ಅವರು ನಗಲಿಲ್ಲ. "ಸರಿ, 'ಎಲ್ರಿಗೂ' ಅಂದ್ರಲ್ಲ. ಆ ತಾತನಿಗೆ ಕೆರೆ ನೀರು ಹರಿಯೋ ಅಚ್ಚುಕಟ್ಟಿನಲ್ಲಿ ಜಮೀನು ಇತ್ತಾ?"

ಕೇಳಿರಲಿಲ್ಲ. ನಾಲ್ಕು ಸಲ ಹೋಗಿ ಬಂದಿದ್ದೆ. ತೂಬಿನ ಫೋಟೋ, ಕೋಡಿಯ ಫೋಟೋ, ತಾತನ ಜೊತೆ ನನ್ನ ಫೋಟೋ ಎಲ್ಲ ಇತ್ತು. ಇದೊಂದು ಪ್ರಶ್ನೆ ಇರಲಿಲ್ಲ.

ಮುಂದಿನ ಶನಿವಾರ ಹೋದೆ. ತಾತ ನಕ್ಕುಬಿಟ್ಟರು. "ನಮ್ಗೆಲ್ಲಿಯ ಗದ್ದೆ ಮೇಷ್ಟ್ರೇ? ನಾವು ಕೆರೆ ಕಾಯೋರು. ಸುಗ್ಗೀಲಿ ಕಣದ ಹತ್ರ ನಿಂತ್ರೆ ರಾಶಿಯಿಂದ ಇಷ್ಟು ಅಂತ ಅಳೆದು ಹಾಕೋರು." ಮಡಿ ಹಂಚುವಾಗ 'ಎಲ್ಲರೂ' ಅಂದರೆ ಗದ್ದೆ ಇದ್ದವರೆಲ್ಲರೂ. ಹಂಚಿದವರಿಗೆ ಅದರಲ್ಲಿ ಪಾಲಿಲ್ಲ. ಬಡವನಾದರೂ ಗದ್ದೆ ಇದ್ದವನಿಗೆ ಒಣಗಿದ ವರ್ಷವೂ ಒಂದು ಮಡಿ ಉಂಟು, ತೂಬಿನ ಮೇಲೆ ರಾತ್ರಿ ಮಲಗಿದವರಿಗೆ ರಾಶಿ ಬಿದ್ದರೆ ಮಾತ್ರ ಊಟ. ನಾನು ಇದನ್ನು 'ಸಮಾನತೆಯ ತತ್ವ' ಅಂತ ಬರೆದು, ಅಡಿಟಿಪ್ಪಣಿಯನ್ನೂ ಕೊಟ್ಟಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಶಾಸನಗಳ ಪಟ್ಟಿ ತೆಗೆದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದು. ಅದರಿಂದ ಕೆರೆಯ ಶಾಸನಗಳನ್ನು ಆರಿಸಿ ದೊಡ್ಡ ಕೋಷ್ಟಕ ಮಾಡಿದ್ದೆ. ರಾಜ, ವರ್ಷ, ಊರು, ಕಟ್ಟಿಸಿದವರು. ನಾಲ್ಕು ಕಾಲಂ. ಕೆರೆಯ ಮುಂದಿನ ಖರ್ಚಿಗೆ ಬಿಟ್ಟ 'ಬಿತ್ತುವಟ್ಟ', ಕಟ್ಟಿದವರಿಗೆ ಕೊಟ್ಟ 'ಕಟ್ಟುಕೊಡಗೆ' ಇವೆಲ್ಲ ಆ ಸಾಲುಗಳಲ್ಲೇ ಇದ್ದವು. ನಾನು ಅವನ್ನು ಕೋಷ್ಟಕಕ್ಕೇ ಹಾಕಿರಲಿಲ್ಲ. ಭಾನುವಾರ ಮೇಡಂ ಮುಂದೆ ಶಾಸನ ಪಾಠಗಳನ್ನು ಹರಡಿದೆ. ಹಳಗನ್ನಡ ಅವರ ಮನೆಯ ಅಡುಗೆ. ಒಂದೊಂದು ಸಾಲನ್ನೂ "ಯಾರು, ಯಾರಿಗೆ, ಎಷ್ಟು, ಯಾಕೆ" ಅಂತ ಬಿಡಿಸಲು ಹೇಳಿದರು. ಆವತ್ತು ಮೂರು ಗಂಟೆ ಆಯಿತು. 900 ರೂಪಾಯಿ. ನನ್ನ ಇಡೀ ಪಿಎಚ್‌ಡಿಯಲ್ಲಿ ಅಷ್ಟು ಲಾಭದ ಖರ್ಚು ಇನ್ನೊಂದಿಲ್ಲ.

ಮಧ್ಯಾಹ್ನ ಹೊರಡುವಾಗ ಮತ್ತೆ ಅದೇ ಪ್ರಶ್ನೆ ಕೇಳಿದರು. "ಈಗ ಹೇಳಿ, ಏನು ಕಂಡುಕೊಂಡ್ರಿ?"

"ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ ಮೇಡಂ. ಆದರೆ ಕೆರೆಯನ್ನ ಉಳಿಸಿದ್ದು ಕಾಯುವವರಿಗೆ ಸಿಗ್ತಿದ್ದ ಕೂಲಿ. ಆ ಕೂಲಿಯ ದಾರಿ ಯಾವಾಗ ಹೇಗೆ ಮುಚ್ಚಿತು ಅನ್ನೋದೇ ನನ್ನ ಥೀಸಿಸ್."

"ಇದನ್ನ ಮೊದಲ ಪುಟದಲ್ಲಿ ಬರೀರಿ. ಹೀಗೇ ಬರೀರಿ."

ಅಲ್ಲಿಂದ ಬರವಣಿಗೆಗೆ ಒಂದು ದಾರಿ ಸಿಕ್ಕಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ಭಾಗ ಮೊದಲು ಅನುಬಂಧದಲ್ಲಿ ಸತ್ತು ಬಿದ್ದಿತ್ತು. ಅದು ನಾಲ್ಕನೇ ಅಧ್ಯಾಯದ ನಡುಮನೆಗೆ ಬಂತು. ವಂಶದ ಹುದ್ದೆ ಹೋಗಿದ್ದು ಒಳ್ಳೆಯದೇ. ತಾತನೂ ಹಾಗೇ ಹೇಳಿದರು. ಆದರೆ ಕೆಲಸಕ್ಕೆ ಬೇರೆ ಸಂಬಳ ಯಾರೂ ಗೊತ್ತು ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಬೋರ್‌ವೆಲ್ ಬಂದವು, ಗದ್ದೆ ಇದ್ದವರಿಗೂ ತೂಬಿನ ಹಂಗು ತಪ್ಪಿತು.

ಮೇಡಂ ಹೇಳಿದ್ದನ್ನೆಲ್ಲ ಕೇಳಿದೆ ಅಂತಲ್ಲ. ಕೊನೆಯ ಅಧ್ಯಾಯದ ಬಗ್ಗೆ ಜಗಳವೇ ಆಯಿತು. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ನಾವೆಲ್ಲ ಕೆಸಿ ವ್ಯಾಲಿ ನೀರು ಅನ್ನುತ್ತೇವೆ. "ಅದು ಇನ್ನೊಂದು ಥೀಸಿಸ್, ಕಿತ್ತು ಹಾಕಿ" ಅಂದರು. ನಾನು ಒಪ್ಪಲಿಲ್ಲ. ಎರಡು ಭಾನುವಾರ ಎಳೆದಾಟ ನಡೆಯಿತು. ಕೊನೆಗೆ ನಾನು ಬರೆದದ್ದನ್ನು ಮುಚ್ಚಿಟ್ಟು ಬಾಯಲ್ಲಿ ಹೇಳಿದೆ: "ಮೇಡಂ, ಆ ನೀರು ಅಂತರ್ಜಲ ಏರಿಸೋಕೆ. ತೂಬು ಎತ್ತಿ ಗದ್ದೆಗೆ ಬಿಡೋ ಹಾಗಿಲ್ಲ. ತಾತನ ಕಣ್ಣೆದುರು ಕೆರೆ ತುಂಬಿ ನಿಂತಿದೆ. ಅವರಿಗೆ ಕೆಲಸ ಇಲ್ಲ." ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೆರಡು ಪುಟ. ಹದಿಮೂರಾದರೆ ನಾನು ಓದಲ್ಲ" ಅಂದರು. ಹನ್ನೆರಡಕ್ಕೇ ನಿಲ್ಲಿಸಿದೆ.

ಕಾಲಾವಧಿ ಮುಗಿಯಲು ಹದಿನೆಂಟು ದಿನ ಇರುವಾಗ ಸಲ್ಲಿಸಿದೆ. 226 ಪುಟ. ಹೋಲಿಕೆ ಶೇ 6. ಒಟ್ಟು 52 ಭಾನುವಾರ. ಮೇಡಂಗೆ ಕೊಟ್ಟ ದುಡ್ಡನ್ನು ಕೂಡಿಸಿ ನೋಡಿದರೆ, ಆ ಪ್ಯಾಕೇಜಿನವರ ಒಂದು ಅಧ್ಯಾಯದ ರೇಟಿಗೂ ಮುಟ್ಟುವುದಿಲ್ಲ.

ಹೋದ ವಾರ ಒಂದು ಪ್ರತಿ ಹಿಡಿದುಕೊಂಡು ತಾತನ ಮನೆಗೆ ಹೋಗಿದ್ದೆ. ಅವರಿಗೆ ಓದಲು ಬರುವುದಿಲ್ಲ. ಜಗುಲಿಯ ಮೇಲೆ ಕೂತು ಮೂರನೇ ಅಧ್ಯಾಯ ನಾನೇ ಓದಿದೆ. ಜೋರಾಗಿ ಓದುವುದು ಈಗ ಅಭ್ಯಾಸವಾಗಿದೆ. ತಾತ ಕಣ್ಣು ಮುಚ್ಚಿ ಕೇಳುತ್ತಿದ್ದರು. ತಮ್ಮದೇ ಮಾತು ಬಂದಾಗ "ಹೂಂ" ಅಂದರು. ಆಮೇಲೆ ನಕಾಶೆ ತೋರಿಸಿ, "ಇದು ದೊಡ್ಡ ತೂಬು, ಇದು ಚಿಕ್ಕ ತೂಬು" ಅಂದೆ.

"ತಲೆಕೆಳಗಾಗೈತಲ್ಲ ಮೇಷ್ಟ್ರೇ. ಬಡಗಲ ಕಡೇದು ಚಿಕ್ಕ ತೂಬು."

"ಅದರಲ್ಲೇ ಅಲ್ವಾ ತಾತ ಜಾಸ್ತಿ ನೀರು ಹೋಗ್ತಿದ್ದದ್ದು?"

"ನೀರು ಜಾಸ್ತಿನೇ. ಹೆಸರು ಚಿಕ್ಕ ತೂಬು."

ಪ್ರತಿಗಳೆಲ್ಲ ಯೂನಿವರ್ಸಿಟಿಗೆ ಹೋಗಿ ಆಗಿದೆ. ವೈವಾ ಇನ್ನೂ ಆಗಿಲ್ಲ. ಬಸ್ ಹತ್ತುವ ಮೊದಲೇ ಮೇಡಂಗೆ ಫೋನ್ ಮಾಡಿದೆ. ಬೈತಾರೆ ಅಂದುಕೊಂಡಿದ್ದೆ. "ಒಂದು ಒಪ್ಪೋಲೆ, ಅಂದ್ರೆ ತಪ್ಪು-ಒಪ್ಪಿನ ಪಟ್ಟಿ, ಮಾಡಿ ವೈವಾ ದಿನ ಕೊಡಿ. ಭಾನುವಾರ ಬನ್ನಿ, ಬರೆಯೋದು ಹೇಗೆ ಅಂತ ನೋಡೋಣ" ಅಂದರು.

"ಒಂದೇ ಸಾಲು ಮೇಡಂ. ಹತ್ತು ನಿಮಿಷದ ಕೆಲಸ ಅಲ್ವಾ?"

"ಹತ್ತು ನಿಮಿಷ ಆದರೂ ಒಂದು ಗಂಟೆ ಲೆಕ್ಕವೇ. ಚಿಲ್ಲರೆ ತನ್ನಿ."