ಮಳೆಗಾಲದ ಘಾಟಿಗೆ ಬೈಕಿನ ಜಿಪಿಎಸ್

8 ಜೂನ್ 2025, ಭಾನುವಾರ

ಮುಂಗಾರು ಶುರುವಾಗಿದೆ. ಚಾರ್ಮಾಡಿ, ಆಗುಂಬೆ, ಶಿರಾಡಿ ಕಡೆ ಹೊರಡುವ ಬೈಕುಗಳ ಹ್ಯಾಂಡಲ್ ಮೇಲೆ ಫೋನ್ ಇಲ್ಲದಿರುವುದೇ ಈಗ ಅಪರೂಪ. ಘಾಟಿಯಲ್ಲಿ ನೆಟ್‌ವರ್ಕ್ ಹೋದರೆ ‘ಜಿಪಿಎಸ್ ಸಿಗ್ತಿಲ್ಲ’ ಅನ್ನುತ್ತಾರೆ. ನಿಜಕ್ಕೂ ಸಿಗದೆ ಹೋಗುವುದು ನಕ್ಷೆ. ಉಪಗ್ರಹದ ಸಂಕೇತಕ್ಕೆ ಸಿಮ್ ಬೇಕಿಲ್ಲ, ನಾಲ್ಕು ಉಪಗ್ರಹ ಸಿಕ್ಕರೆ ನಿಂತ ಜಾಗ ಗೊತ್ತಾಗುತ್ತದೆ. ಹಾಗಾಗಿ ಮನೆಯ ವೈಫೈನಲ್ಲೇ ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ. ಜೊತೆಗೆ ಇಂಟರ್ನೆಟ್ ಇಲ್ಲದೆಯೂ ನಡೆಯುವ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್‌ನಲ್ಲೂ ಅದೇ ಪ್ರದೇಶ ಇರಲಿ. ಇಳಿದ ಮೇಲೆ ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ದಾರಿ ಹುಡುಕಿಸಿ. ಸಿಕ್ಕರೆ ಮಾತ್ರ ಹೊರಡಬಹುದು.

ಹೇರ್‌ಪಿನ್ ತಿರುವುಗಳಲ್ಲಿ ಜಿಪಿಎಸ್ ತಪ್ಪುವುದಕ್ಕೆ ಕಾರಣ ಬೇರೆ. ಒಂದು ಬದಿಯ ಬೆಟ್ಟ ಅರ್ಧ ಆಕಾಶವನ್ನೇ ಮುಚ್ಚಿರುತ್ತದೆ, ನೆನೆದ ಮರಗಳು ಸಂಕೇತವನ್ನು ಇನ್ನಷ್ಟು ಕುಗ್ಗಿಸುತ್ತವೆ, ಬಂಡೆಗೆ ಬಡಿದು ಬಂದ ಸಂಕೇತ ಲೆಕ್ಕ ಕೆಡಿಸುತ್ತದೆ. ಮೇಲಿನ ರಸ್ತೆಗೂ ಕೆಳಗಿನ ರಸ್ತೆಗೂ ಇಪ್ಪತ್ತು ಮೂವತ್ತು ಮೀಟರ್ ಅಂತರವಷ್ಟೇ ಇದ್ದಾಗ ಬಾಣದ ಗುರುತು ಒಂದರಿಂದ ಇನ್ನೊಂದಕ್ಕೆ ಹಾರಿ, ‘ಯೂ ಟರ್ನ್ ತೆಗೆದುಕೊಳ್ಳಿ’ ಎಂಬ ಸೂಚನೆ ಬರುತ್ತದೆ. ಅದನ್ನು ಕೇಳಬೇಡಿ. ಮಧ್ಯೆ ಕವಲು ಇಲ್ಲದಿದ್ದರೆ ನೇರ ಸಾಗಿ, ಬಯಲಿಗೆ ಬಂದ ಮೇಲೆ ತಾನೇ ಸರಿಹೋಗುತ್ತದೆ. ಉಪಗ್ರಹಗಳು ಕಳಿಸುವ ಎಲ್1 ಮತ್ತು ಎಲ್5 ಎಂಬ ಎರಡೂ ತರಂಗಾಂತರಗಳನ್ನು ಹಿಡಿಯುವ ಫೋನುಗಳಲ್ಲಿ ಈ ಕಾಟ ಕಡಿಮೆ.

ಇನ್ನು ಕರೆಂಟು. ಚಾರ್ಜರ್‌ನ ತಂತಿಯನ್ನು ನೇರ ಬ್ಯಾಟರಿಗೆ ಕಟ್ಟಿಬಿಡುವುದು ಎಲ್ಲ ಕಡೆ ಕಾಣುವ ತಪ್ಪು. ಚಾರ್ಜರ್ ಸುಮ್ಮನಿದ್ದಾಗಲೂ 20 ಮಿಲಿಆಂಪ್ ಎಳೆಯಿತು ಎನ್ನಿ, ದಿನಕ್ಕೆ ಅರ್ಧ ಆಂಪ್-ಅವರ್ ಹೋಯಿತು. 8 ಆಂಪ್-ಅವರ್‌ನ ಬ್ಯಾಟರಿ ಹತ್ತು ದಿನ ನಿಂತರೆ ಸೆಲ್ಫ್ ಹೊಡೆಯುವುದೇ ಕಷ್ಟ. ನಾಲ್ಕು ಪಿನ್ನಿನ 12 ವೋಲ್ಟ್ ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ಚು, ಹಾಕಿಸಿ. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಮೂಲಕ 30ನೇ ಪಿನ್ನಿಗೆ, 87ರಿಂದ ಚಾರ್ಜರ್‌ಗೆ, ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ತಂತಿಯಿಂದ 86ಕ್ಕೆ, 85 ಮೈನಸ್‌ಗೆ. 5 ವೋಲ್ಟ್ 2 ಆಂಪ್‌ನ ಚಾರ್ಜರ್ ಬ್ಯಾಟರಿಯಿಂದ ಎಳೆಯುವುದು ಸುಮಾರು 1 ಆಂಪ್, ಆದ್ದರಿಂದ 3 ಆಂಪ್ ಫ್ಯೂಸ್ ಸಾಕು. ಅದು ಬ್ಯಾಟರಿಗೆ ಒಂದು ಗೇಣಿನೊಳಗೇ ಇರಬೇಕು. ದೂರವಿದ್ದರೆ ನಡುವಿನ ತಂತಿ ಉಜ್ಜಿ ಶಾರ್ಟ್ ಆದಾಗ ಕಾಪಾಡುವವರಿಲ್ಲ. ಕೊನೆಗೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ತಂತಿ ಬಿಗಿಯುತ್ತದೆಯೇ, ಆಕ್ಸಿಲರೇಟರ್ ಕೇಬಲ್‌ಗೆ ತಾಗುತ್ತದೆಯೇ ನೋಡಿ.

ಮಳೆ ಜೋರಾದರೆ ಫೋನು ಹ್ಯಾಂಡಲ್ ಮೇಲೆ ಇರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹನಿಗಳನ್ನು ಸ್ಕ್ರೀನು ಬೆರಳೆಂದೇ ತಿಳಿಯುತ್ತದೆ, ಇದ್ದಕ್ಕಿದ್ದಂತೆ ದಾರಿಯೇ ರದ್ದಾಗಬಹುದು. ಒದ್ದೆ ಪೋರ್ಟಿನಲ್ಲಿ ಚಾರ್ಜ್ ಮಾಡಿದರೆ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಎಂಜಿನ್ನಿನ ನಡುಕದಿಂದ ಕ್ಯಾಮೆರಾದ ಸ್ಥಿರೀಕರಣ ವ್ಯವಸ್ಥೆ ಕೆಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಒಣ ದಿನಗಳಲ್ಲೂ ನಡುಕ ಹೀರುವ ಡ್ಯಾಂಪರ್ ಇರುವ ಹೋಲ್ಡರೇ ಬೇಕು. ಮಳೆಯಲ್ಲಿ ಫೋನು ಜಾಕೆಟ್ಟಿನೊಳಗೆ, ದನಿ ಹೆಲ್ಮೆಟ್ಟಿನ ಸ್ಪೀಕರಿನಲ್ಲಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಸ್ಕ್ರೀನ್ ನೋಡಿದರೆ 33 ಮೀಟರ್ ರಸ್ತೆ ನೋಡದೇ ಓಡಿಸಿದಂತೆ. ಮಳೆಯಲ್ಲೂ ಸ್ಕ್ರೀನೇ ಬೇಕೆನ್ನುವವರಿಗೆ ಗಾರ್ಮಿನ್ ಜ್ಯೂಮೋದಂಥ ಬೈಕಿನದೇ ಸಾಧನ ಸರಿ: ಗ್ಲೌಸ್ ಹಾಕಿಕೊಂಡೇ ಒತ್ತಬಹುದು, ನೀರಿಗೂ ಹೆದರಬೇಕಿಲ್ಲ. ಬೆಲೆ ಮಾತ್ರ ಒಳ್ಳೆಯ ಫೋನಿನಷ್ಟೇ.

ಗೆಳೆಯರಿಂದ ಜಿಪಿಎಕ್ಸ್ ಕಡತ (ದಾರಿಯನ್ನು ಒಂದು ಸಾಧನದಿಂದ ಇನ್ನೊಂದಕ್ಕೆ ಕೊಡುವ ಕಡತ) ಪಡೆಯುವಾಗ ‘ಟ್ರ್ಯಾಕ್’ ಕೇಳಿ. ‘ರೂಟ್’ ಕಳಿಸಿದರೆ ನಿಮ್ಮ ಸಾಧನ ತನ್ನ ನಕ್ಷೆಯ ಮೇಲೆ ಮತ್ತೆ ಲೆಕ್ಕ ಹಾಕಿ ಬೇರೆ ದಾರಿಗೆ ಒಯ್ಯಬಹುದು. ಟ್ರ್ಯಾಕ್ ಹೋದ ಹೆಜ್ಜೆಗಳನ್ನೇ ಗೆರೆಯಾಗಿ ತೋರಿಸುತ್ತದೆ.

ಬಂಡೀಪುರದ ಮೇಲೆ ಹೋಗುವವರು ತಲುಪುವ ಹೊತ್ತನ್ನು ತಾವೇ ಲೆಕ್ಕ ಹಾಕಿಕೊಳ್ಳಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ, ಆ್ಯಪ್ ಇದನ್ನು ಹೇಳುತ್ತದೆಂದು ನಂಬಿಕೊಳ್ಳುವಂತಿಲ್ಲ.

ಬಿದ್ದು ಪೆಟ್ಟಾದರೆ 112ಕ್ಕೆ ಕರೆ ಮಾಡಿ ಅಕ್ಷಾಂಶ, ರೇಖಾಂಶ ಓದಿ. ಮೊದಲು ಅಕ್ಷಾಂಶ; ಬಿಂದುವಿನ ನಂತರ ನಾಲ್ಕು ಅಂಕೆ ಹೇಳಿದರೆ ಸುಮಾರು 11 ಮೀಟರ್‌ವರೆಗೆ ನಿಖರ. ಇಂಟರ್ನೆಟ್ ಇಲ್ಲದಿದ್ದರೂ ಈ ಅಂಕೆಗಳು ಆಫ್‌ಲೈನ್ ಆ್ಯಪ್‌ನಲ್ಲಿ ಸಿಗುತ್ತವೆ. ಎಲ್ಲಿ ಸಿಗುತ್ತವೆಂದು ಹಿಂದೆ ಕೂರುವವರಿಗೂ ಹೊರಡುವ ಮೊದಲೇ ತೋರಿಸಿಕೊಡಿ.